‘ಒಂದೇ’ ಎಂಬ ಮಾತಿನ ಅರ್ಥ: ಗಣಕವಿಜ್ಞಾನದ ಇತಿಹಾಸದಿಂದ ಒಂದು ಅಧ್ಯಾಯ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಗಣಕಯಂತ್ರದ ವಿಚಾರವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ಇಂದು ಮಗನೋ ಮಗಳೋ ಸೊಸೆಯೋ ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಇಲ್ಲವೇ ಕಡಲಾಚೆಯ ಯಾವುದೋ ಊರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವುದು ಸಾಮಾನ್ಯ ಸಂಗತಿಯಾಗಿದೆ. ಗಣಕದ ಚರಿತ್ರೆಯೆಂದರೆ ಯಂತ್ರದ ಗಾತ್ರ ಕುಗ್ಗಿದ, ವೇಗ ಹೆಚ್ಚಿದ ಕಥೆ ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಅದರ ಒಳಗೆ ವಿಚಾರದ ಚರಿತ್ರೆಯೊಂದಿದೆ. ತತ್ತ್ವಶಾಸ್ತ್ರಕ್ಕೂ ವ್ಯಾಕರಣಕ್ಕೂ ಹತ್ತಿರವಾದ ಪ್ರಶ್ನೆಗಳನ್ನು ಅಲ್ಲಿ ಕೇಳಲಾಗಿದೆ. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ. ಎರಡು ವ್ಯವಸ್ಥೆಗಳು ‘ಒಂದೇ’ ಎಂದು ನಾವು ಯಾವಾಗ ಹೇಳಬಹುದು? ಈ ಪ್ರಶ್ನೆಗೆ ಉತ್ತರ ಹುಡುಕಿದ ಅರ್ಧ ಶತಮಾನದ ಕಥೆ ಗಡಿನಾಡಿನ ನಮಗೂ ಒಂದು ಮಾತನ್ನು ಹೇಳುತ್ತದೆ ಎಂಬುದು ನಮ್ಮ ನಂಬಿಕೆ.

ಹಳೆಯ ಉತ್ತರ

ಗಣಕವಿಜ್ಞಾನದ ಆರಂಭದ ದಿನಗಳಲ್ಲಿ ಈ ಪ್ರಶ್ನೆ ಕಠಿಣವೆಂದು ತೋರಿರಲಿಲ್ಲ. ಆಗ ಕ್ರಮವಿಧಿಯೊಂದರ ಕೆಲಸ ಲೆಕ್ಕ ಮಾಡುವುದು. ಅಂಕಿಗಳನ್ನು ಕೊಟ್ಟರೆ ಉತ್ತರ ಕೊಟ್ಟು ನಿಲ್ಲಬೇಕು. ಒಬ್ಬ ವಿದ್ಯಾರ್ಥಿ ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಒಂದೊಂದಾಗಿ ಕೂಡಿಸುತ್ತಾನೆ, ಇನ್ನೊಬ್ಬ ಸೂತ್ರ ಹಾಕುತ್ತಾನೆ. ಇಬ್ಬರಿಗೂ 5050 ಬರುತ್ತದೆ. ಕೊಟ್ಟ ಎಲ್ಲ ಪ್ರಶ್ನೆಗಳಿಗೂ ಎರಡು ಕ್ರಮವಿಧಿಗಳು ಒಂದೇ ಉತ್ತರವನ್ನು ಕೊಟ್ಟರೆ ಅವು ಸಮಾನ. ದಾರಿ ಬೇರೆಯಾದರೇನು, ಊರು ಒಂದೇ ತಾನೆ?

ಇನ್ನೊಂದು ಬಗೆಯ ಯೋಚನೆಯೂ ಆಗಲೇ ಮೊಳೆತಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ನೆಯ ವರ್ಷದಲ್ಲಿಯೇ ಅಮೆರಿಕದ ಎಡ್ವರ್ಡ್ ಮೂರ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮುಚ್ಚಿದ ಪೆಟ್ಟಿಗೆಯೊಳಗೆ ಯಂತ್ರವೊಂದಿದೆ. ಅದನ್ನು ತೆರೆದು ನೋಡುವಂತಿಲ್ಲ. ಗುಂಡಿಗಳನ್ನು ಒತ್ತಬಹುದು, ಹೊರಗೆ ಬರುವುದನ್ನು ಬರೆದುಕೊಳ್ಳಬಹುದು. ಇಷ್ಟರಿಂದಲೇ ಯಂತ್ರದ ಒಳಗಿನ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ಹೇಳಲು ಸಾಧ್ಯವೇ ಎಂದು ಮೂರ್ ಕೇಳಿದರು. ಯಾವ ಪ್ರಯೋಗದಿಂದಲೂ ಬೇರ್ಪಡಿಸಲಾಗದ ಸ್ಥಿತಿಗಳನ್ನು ಒಂದೆಂದೇ ಎಣಿಸಬೇಕು ಎಂಬ ತತ್ತ್ವಕ್ಕೆ ಆ ಪ್ರಬಂಧ ಗಣಿತದ ರೂಪ ಕೊಟ್ಟಿತು. ಮುಂದಿನ ಕಥೆಗೆ ಬೀಜ ಇದೇ.

ಯಂತ್ರಗಳು ಮಾತನಾಡತೊಡಗಿದಾಗ

ಒಂದೇ ಯಂತ್ರ ಒಂದೇ ಲೆಕ್ಕ ಮಾಡುವ ಕಾಲ ಬೇಗ ಮುಗಿಯಿತು. ಅನೇಕ ಯಂತ್ರಗಳು, ಅಥವಾ ಒಂದೇ ಯಂತ್ರದೊಳಗಿನ ಅನೇಕ ಪ್ರಕ್ರಿಯೆಗಳು, ಏಕಕಾಲದಲ್ಲಿ ನಡೆಯುತ್ತ ಒಂದಕ್ಕೊಂದು ಸಂದೇಶ ಕಳುಹಿಸತೊಡಗಿದವು. ರೈಲ್ವೆ ಮುಂಗಡ ಕಾಯ್ದಿರಿಸುವಿಕೆ, ಬ್ಯಾಂಕಿನ ಜಾಲ, ದೂರವಾಣಿ ವಿನಿಮಯ ಕೇಂದ್ರ ಇವೆಲ್ಲ ಈ ಬಗೆಯವು. ಇವುಗಳಿಗೆ ‘ಕೊನೆಯ ಉತ್ತರ’ ಎಂಬುದಿಲ್ಲ. ದೂರವಾಣಿ ಕೇಂದ್ರ ಉತ್ತರ ಕೊಟ್ಟು ನಿಂತರೆ ಅದು ಕೆಟ್ಟಿದೆ ಎಂದೇ ಅರ್ಥ. ಇಂಥ ವ್ಯವಸ್ಥೆಗಳೆರಡು ಸಮಾನವೆಂದು ಹೇಳಲು ಹಳೆಯ ಅಳತೆಗೋಲು ಸಾಲದಾಯಿತು.

ಈ ಹೊಸ ಲೋಕವನ್ನು ಗಣಿತಕ್ಕೆ ಮೊದಲು ತಂದವರಲ್ಲಿ ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ ಅಗ್ರಗಣ್ಯರು. 1962ರ ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇ ಯಂತ್ರಗಳೊಡನೆ ಸಂವಹನ. ಒಂದು ಘಟನೆ ನಡೆಯಲು ಯಾವ ಯಾವ ಷರತ್ತುಗಳು ಒದಗಿರಬೇಕು ಎಂಬುದನ್ನು ವೃತ್ತ, ಚೌಕ, ಬಾಣಗಳ ಚಿತ್ರದಲ್ಲಿ ತೋರಿಸುವ ‘ಪೆಟ್ರಿ ಜಾಲ’ಗಳು ಇಂದಿಗೂ ಬಳಕೆಯಲ್ಲಿವೆ.

ಆದರೆ ಸಮಾನತೆಯ ಪ್ರಶ್ನೆಯನ್ನು ಶಾಸ್ತ್ರದ ಮಧ್ಯಕ್ಕೆ ತಂದವರು ಇಬ್ಬರು ಬ್ರಿಟಿಷರು. ಇಬ್ಬರೂ ಹುಟ್ಟಿದ್ದು 1934ರ ಜನವರಿಯಲ್ಲಿ, ಕೇವಲ ಎರಡು ದಿನಗಳ ಅಂತರದಲ್ಲಿ. ಟೋನಿ ಹೋರ್ ಜನಿಸಿದ್ದು ನಮ್ಮ ನೆರೆಯ ಸಿಂಹಳದ ಕೊಲಂಬೊ ನಗರದಲ್ಲಿ. ಅವರ ತಾಯಿ ಚಹಾ ತೋಟದ ಒಡೆಯರೊಬ್ಬರ ಮಗಳು. ಆಕ್ಸ್‌ಫರ್ಡಿನಲ್ಲಿ ಹೋರ್ ಓದಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರ. ಇನ್ನೊಬ್ಬರು ರಾಬಿನ್ ಮಿಲ್ನರ್, ಹುಟ್ಟೂರು ಪ್ಲಿಮತ್ ಬಳಿಯ ಯೆಲ್ಮ್‌ಟನ್. ಸೇನೆಯಲ್ಲಿ ಸೇವೆ ಸಲ್ಲಿಸಿ, ಕೇಂಬ್ರಿಜ್‌ನಲ್ಲಿ ಓದಿ, 1959ರಿಂದ ಸ್ವಲ್ಪ ಕಾಲ ಲಂಡನ್ನಿನ ಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕರಾಗಿದ್ದರು. ಅವರು ಕೊನೆಯವರೆಗೂ ಪಿಎಚ್.ಡಿ. ಪದವಿಗಾಗಿ ಓದಲಿಲ್ಲ. ಆದರೂ 1973ರಿಂದ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿದ್ದು ಜಗತ್ತೇ ಗೌರವಿಸುವ ಸಂಶೋಧನಾ ಪರಂಪರೆಯನ್ನು ಕಟ್ಟಿದರು. ಗಣಕವಿಜ್ಞಾನದ ಅತ್ಯುನ್ನತ ಮನ್ನಣೆಯಾದ ಟ್ಯೂರಿಂಗ್ ಪ್ರಶಸ್ತಿ ಹೋರ್ ಅವರಿಗೆ 1980ರಲ್ಲಿ, ಮಿಲ್ನರ್ ಅವರಿಗೆ 1991ರಲ್ಲಿ ಸಂದಿತು. ಶಾಲಾ ಅಧ್ಯಾಪಕರಾಗಿ ಬಾಳಿದ ನಮಗೆ ಮಿಲ್ನರ್ ಅವರ ವೃತ್ತಾಂತ ವಿಶೇಷವಾಗಿ ಪ್ರಿಯವಾದುದು.

1978ರಲ್ಲಿ ಹೋರ್ ‘ಸಿಎಸ್‌ಪಿ’ ಎಂಬ ಹೆಸರಿನ ಬರಹವನ್ನು ಪ್ರಕಟಿಸಿದರು. ಸಂವಹನ ನಡೆಸುವ ಪ್ರಕ್ರಿಯೆಗಳನ್ನು ಬರೆಯುವ ಭಾಷೆ ಅದು. 1980ರಲ್ಲಿ ಮಿಲ್ನರ್ ಅವರ ‘ಸಿಸಿಎಸ್’ ಗ್ರಂಥ ಹೊರಬಂತು. ಇಬ್ಬರ ಮೂಲ ಕಲ್ಪನೆ ಒಂದೇ ಬಗೆಯದು. ಪ್ರಕ್ರಿಯೆ ಎಂದರೆ ನಡೆಗಳ ಸರಣಿ. ಎರಡು ಪ್ರಕ್ರಿಯೆಗಳು ಕೈಕುಲುಕಿದಂತೆ ಒಂದೇ ಕ್ಷಣದಲ್ಲಿ ಕೂಡಿ ಒಂದು ನಡೆಯನ್ನು ನಡೆಸಬಲ್ಲವು. ಸಂಖ್ಯೆಗಳಿಗೆ ಬೀಜಗಣಿತ ಇರುವಂತೆ ಪ್ರಕ್ರಿಯೆಗಳಿಗೂ ಒಂದು ಬೀಜಗಣಿತ ಬೇಕು ಎಂಬುದು ಇಬ್ಬರ ಆಶಯ. ಬೀಜಗಣಿತವೆಂದ ಮೇಲೆ ಸಮೀಕರಣ ಬೇಕು, ಸಮೀಕರಣಕ್ಕೆ ಸಮಚಿಹ್ನೆ ಬೇಕು. ಆ ಸಮಚಿಹ್ನೆಯ ಅರ್ಥವೇನು?

ಚಹಾ ಯಂತ್ರದ ದೃಷ್ಟಾಂತ

ಇಬ್ಬರೂ ತಮ್ಮ ಗ್ರಂಥಗಳಲ್ಲಿ ನಾಣ್ಯ ಹಾಕಿದರೆ ಚಾಕೊಲೇಟ್ ಕೊಡುವ ಯಂತ್ರದ ಉದಾಹರಣೆಯನ್ನು ಬಳಸಿದ್ದಾರೆ. ನಾವು ಅದನ್ನು ಚಹಾ ಕಾಫಿಗೆ ಬದಲಾಯಿಸಿ ಹೇಳುತ್ತೇವೆ.

ಮೊದಲನೆಯ ಯಂತ್ರದಲ್ಲಿ ನಾಣ್ಯ ಹಾಕಿದ ಮೇಲೆ ಚಹಾ ಮತ್ತು ಕಾಫಿಯ ಎರಡು ಗುಂಡಿಗಳೂ ಬೆಳಗುತ್ತವೆ. ಬೇಕಾದುದನ್ನು ಒತ್ತಬಹುದು. ಎರಡನೆಯ ಯಂತ್ರವೂ ಹೊರನೋಟಕ್ಕೆ ಹಾಗೆಯೇ ಇದೆ. ಆದರೆ ನಾಣ್ಯ ಬಿದ್ದ ಕ್ಷಣದಲ್ಲಿಯೇ ಅದು ತನ್ನೊಳಗೆ ತಾನೇ ನಿರ್ಧರಿಸಿಬಿಡುತ್ತದೆ. ಒಮ್ಮೆ ಚಹಾದ ಗುಂಡಿ ಮಾತ್ರ ಬೆಳಗುತ್ತದೆ, ಇನ್ನೊಮ್ಮೆ ಕಾಫಿಯದು ಮಾತ್ರ.

ಈಗ ಎರಡೂ ಯಂತ್ರಗಳ ದಿನಚರಿಯನ್ನು ಬರೆದಿಡೋಣ. ‘ನಾಣ್ಯ, ಚಹಾ’, ‘ನಾಣ್ಯ, ಕಾಫಿ’. ಎರಡು ದಿನಚರಿಗಳಲ್ಲಿಯೂ ಇರಬಹುದಾದ ಸಾಲುಗಳು ಇವೆರಡೇ. ನಡೆದುಹೋದುದರ ಈ ದಾಖಲೆಯನ್ನು ಶಾಸ್ತ್ರಜ್ಞರು ‘ಟ್ರೇಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಜಾಡು’ ಎನ್ನೋಣ. ಜಾಡಿನ ಅಳತೆಯಲ್ಲಿ ಎರಡು ಯಂತ್ರಗಳೂ ಸಮಾನ. ಆದರೆ ಚಹಾ ಬೇಕೆಂದು ನಾಣ್ಯ ಹಾಕಿದವನಿಗೆ ಅವು ಸಮಾನವಲ್ಲ. ಎರಡನೆಯ ಯಂತ್ರದ ಮುಂದೆ ಅವನು ನಾಣ್ಯ ಕಳೆದುಕೊಂಡು, ಬೇಡದ ಕಾಫಿಯ ಗುಂಡಿಯನ್ನು ನೋಡುತ್ತ ನಿಲ್ಲಬೇಕಾದೀತು.

ವ್ಯತ್ಯಾಸ ಇರುವುದು ಏನು ನಡೆಯಿತು ಎಂಬುದರಲ್ಲಿ ಅಲ್ಲ. ಆಯ್ಕೆ ಯಾವಾಗ ಮುಚ್ಚಿತು, ಯಾರ ಕೈಯಲ್ಲಿ ಮುಚ್ಚಿತು ಎಂಬುದರಲ್ಲಿ. ಈ ಒಂದು ಅರಿವಿನ ಮೇಲೆಯೇ ವರ್ತನಾ ಸಮಾನತೆಯ ಇಡೀ ಶಾಸ್ತ್ರ ನಿಂತಿದೆ.

ಗಡಿನಾಡಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎರಡು ಶಾಲೆಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ ಮಗು ದಾಖಲಾದ ಮೇಲೆ ಕನ್ನಡ ಮಾಧ್ಯಮವೋ ಮಲಯಾಳ ಮಾಧ್ಯಮವೋ ಎಂದು ತಂದೆತಾಯಿಗಳನ್ನು ಕೇಳುತ್ತಾರೆ. ಇನ್ನೊಂದರಲ್ಲಿ ದಾಖಲಾತಿಯ ಸಮಯಕ್ಕೇ, ಅಧ್ಯಾಪಕರ ಹುದ್ದೆ ಖಾಲಿಯಿದೆ ಎಂಬಂಥ ಕಾರಣದಿಂದ, ಒಂದು ಬಾಗಿಲು ಮುಚ್ಚಿರುತ್ತದೆ. ವರ್ಷದ ಕೊನೆಗೆ ಎರಡು ಶಾಲೆಗಳ ಹಾಜರಿ ಪುಸ್ತಕದಲ್ಲಿಯೂ ಕನ್ನಡ ಮಾಧ್ಯಮದ ಮಕ್ಕಳಿದ್ದಾರೆ, ಮಲಯಾಳ ಮಾಧ್ಯಮದ ಮಕ್ಕಳಿದ್ದಾರೆ. ಪುಸ್ತಕವನ್ನಷ್ಟೇ ನೋಡುವ ಅಧಿಕಾರಿಗೆ ಎರಡೂ ಒಂದೇ. ಬಾಗಿಲಲ್ಲಿ ನಿಂತ ಮಗುವಿಗೆ ಒಂದೇ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಇಂಥ ದಾಖಲೆಗಳ ನಡುವೆ ಬಾಳಿದ ನಮಗೆ ಮಿಲ್ನರ್ ಅವರ ವಾದ ಮೊದಲ ಓದಿಗೇ ಮನಸ್ಸಿಗಿಳಿದುದರಲ್ಲಿ ಆಶ್ಚರ್ಯವಿಲ್ಲ.

ಪಾರ್ಕ್ ಅವರ ಕಾಣಿಕೆ

ಜಾಡು ಸಾಲದು ಎಂದಾದರೆ ಸರಿಯಾದ ಅಳತೆ ಯಾವುದು? ಮಿಲ್ನರ್ 1971ರಲ್ಲಿಯೇ ‘ಅನುಕರಣ’ದ ಕಲ್ಪನೆಯನ್ನು ಮುಂದಿಟ್ಟಿದ್ದರು. ಒಂದು ಯಂತ್ರ ಇಡುವ ಪ್ರತಿಯೊಂದು ಹೆಜ್ಜೆಗೂ ಇನ್ನೊಂದು ಅಂಥದೇ ಹೆಜ್ಜೆಯಿಂದ ಉತ್ತರಿಸಬಲ್ಲುದಾದರೆ, ಎರಡನೆಯದು ಮೊದಲನೆಯದನ್ನು ಅನುಕರಿಸುತ್ತದೆ. ಹಾಗಾದರೆ ಪರಸ್ಪರ ಅನುಕರಿಸಬಲ್ಲ ಎರಡು ಯಂತ್ರಗಳು ಸಮಾನವೆನ್ನಬಹುದಲ್ಲವೇ?

ಇಲ್ಲಿಯೂ ಒಂದು ತೊಡಕಿದೆ. ನಾಣ್ಯ ಹಾಕಿದರೆ ತಪ್ಪದೆ ಚಹಾ ಕೊಡುವ ಯಂತ್ರ ಒಂದು. ನಾಣ್ಯ ಹಾಕಿದರೆ ಕೆಲವೊಮ್ಮೆ ಚಹಾ ಕೊಡುವ, ಕೆಲವೊಮ್ಮೆ ನಾಣ್ಯ ನುಂಗಿ ಸುಮ್ಮನಾಗುವ ಯಂತ್ರ ಇನ್ನೊಂದು. ಒಳ್ಳೆಯ ಯಂತ್ರ ಇಟ್ಟ ಹೆಜ್ಜೆಗಳನ್ನೆಲ್ಲ ಕೆಟ್ಟ ಯಂತ್ರವೂ ತನ್ನ ಒಳ್ಳೆಯ ದಾರಿಯನ್ನು ಹಿಡಿದು ಅನುಕರಿಸಬಲ್ಲುದು. ಕೆಟ್ಟ ಯಂತ್ರ ನಾಣ್ಯ ನುಂಗಿದರೆ, ಒಳ್ಳೆಯದೂ ನಾಣ್ಯ ಪಡೆದು ತನ್ನ ಪಾಲಿನ ಅನುಕರಣ ಮುಗಿಯಿತೆನ್ನಬಹುದು. ಪರಸ್ಪರ ಅನುಕರಣ ಸಿದ್ಧಿಸಿತು. ಆದರೆ ಈ ಎರಡು ಯಂತ್ರಗಳನ್ನು ಒಂದೇ ಎನ್ನಲು ಯಾವ ಗ್ರಾಹಕನೂ ಒಪ್ಪನು.

1980ರಲ್ಲಿ ಮಿಲ್ನರ್ ತಮ್ಮ ಗ್ರಂಥದಲ್ಲಿ ಇನ್ನೂ ಸೂಕ್ಷ್ಮವಾದ ಸಮಾನತೆಯನ್ನು ಹಂತ ಹಂತವಾಗಿ ಕಟ್ಟಿದ್ದರು. ಒಂದು ಹೆಜ್ಜೆಯವರೆಗೆ ಸಮಾನ, ಎರಡು ಹೆಜ್ಜೆಯವರೆಗೆ ಸಮಾನ, ಹೀಗೆ ಎಲ್ಲ ಹಂತಗಳಲ್ಲಿಯೂ ಸಮಾನವಾದರೆ ಸಮಾನ ಎಂಬುದು ಅದರ ತಿರುಳು. ಆಗ ವಾರಿಕ್ ವಿಶ್ವವಿದ್ಯಾಲಯದ ಡೇವಿಡ್ ಪಾರ್ಕ್ ಎಡಿನ್‌ಬರೊಕ್ಕೆ ಬಂದು ಮಿಲ್ನರ್ ಅವರ ಮನೆಯಲ್ಲಿಯೇ ಉಳಿದುಕೊಂಡಿದ್ದರು. ಹೊಸದಾಗಿ ಅಚ್ಚಾಗಿ ಬಂದಿದ್ದ ಗ್ರಂಥವನ್ನು ಓದಿದ ಪಾರ್ಕ್, ಈ ವ್ಯಾಖ್ಯೆ ಸರಿಯಾಗಿಲ್ಲ ಎಂದು ಅತಿಥೇಯರಿಗೇ ಹೇಳಿದರು. ಒಂದು ಸ್ಥಿತಿಯಿಂದ ಅಸಂಖ್ಯ ದಾರಿಗಳು ಕವಲೊಡೆಯುವಲ್ಲಿ, ಎಣಿಸಬಹುದಾದ ಎಲ್ಲ ಹಂತಗಳಲ್ಲಿ ಸಮಾನವಾಗಿದ್ದರೂ ಒಟ್ಟಿನಲ್ಲಿ ಸಮಾನವಲ್ಲದ ಪ್ರಕ್ರಿಯೆಗಳು ಇರಬಲ್ಲವು. ಇಬ್ಬರೂ ನಡೆದಾಡುತ್ತ ಚರ್ಚಿಸಿದರು. ಹೊಸ ಕಲ್ಪನೆಗೆ ‘ಬೈಸಿಮ್ಯುಲೇಷನ್’ ಎಂಬ ಹೆಸರು ಗೊತ್ತಾಯಿತು. ಕನ್ನಡದಲ್ಲಿ ‘ಉಭಯಾನುಕರಣ’ ಎನ್ನಬಹುದು. ಪಾರ್ಕ್ ಅವರ ಪ್ರಬಂಧ 1981ರಲ್ಲಿ ಪ್ರಕಟವಾಯಿತು. ಮಿಲ್ನರ್ ಅದನ್ನು ಮನಸಾರೆ ಸ್ವೀಕರಿಸಿ, 1989ರ ತಮ್ಮ ಹೊಸ ಗ್ರಂಥವನ್ನು ಅದರ ಅಡಿಪಾಯದ ಮೇಲೆಯೇ ಬರೆದರು. ತನ್ನ ಗ್ರಂಥದ ಮಸಿ ಆರುವ ಮೊದಲೇ ಸ್ನೇಹಿತನ ತಿದ್ದುಪಡಿಯನ್ನು ಒಪ್ಪುವುದು ವಿದ್ವತ್ತಿನ ಲೋಕದಲ್ಲಿ ಅಪರೂಪದ ಗುಣ.

ಉಭಯಾನುಕರಣವನ್ನು ಇಬ್ಬರ ಆಟದಂತೆ ವಿವರಿಸುವುದುಂಟು. ಒಬ್ಬ ಆಟಗಾರ ಎರಡು ಯಂತ್ರಗಳ ನಡುವೆ ವ್ಯತ್ಯಾಸವಿದೆ ಎನ್ನುವ ವಾದಿ, ಇನ್ನೊಬ್ಬ ಇಲ್ಲ ಎನ್ನುವ ಪ್ರತಿವಾದಿ. ವಾದಿ ಯಾವುದಾದರೊಂದು ಯಂತ್ರದಲ್ಲಿ ಒಂದು ಹೆಜ್ಜೆ ಇಡುತ್ತಾನೆ. ಪ್ರತಿವಾದಿ ಇನ್ನೊಂದರಲ್ಲಿ ಅದೇ ಹೆಸರಿನ ಹೆಜ್ಜೆ ಇಡಬೇಕು. ಮುಂದಿನ ಸುತ್ತಿನಲ್ಲಿ ವಾದಿ ಯಂತ್ರವನ್ನು ಬದಲಾಯಿಸಬಹುದು. ಇದೇ ಆಟದ ಮರ್ಮ. ನಾಣ್ಯ ನುಂಗುವ ಯಂತ್ರದಲ್ಲಿ ವಾದಿ ಮೊದಲು ನಾಣ್ಯ ನುಂಗಿಸುತ್ತಾನೆ, ಪ್ರತಿವಾದಿ ಒಳ್ಳೆಯ ಯಂತ್ರದಲ್ಲಿ ನಾಣ್ಯ ಹಾಕುತ್ತಾನೆ. ಈಗ ವಾದಿ ಒಳ್ಳೆಯ ಯಂತ್ರಕ್ಕೆ ಹಾರಿ ಚಹಾದ ಗುಂಡಿ ಒತ್ತುತ್ತಾನೆ. ಪ್ರತಿವಾದಿಯ ಬಳಿ ಉತ್ತರವಿಲ್ಲ. ಎಷ್ಟು ಕಾಲ ಆಡಿದರೂ ಪ್ರತಿವಾದಿ ಸೋಲದಿದ್ದರೆ ಮಾತ್ರ ಯಂತ್ರಗಳು ಸಮಾನ.

ಪಾರ್ಕ್ ಅವರ ಉಪಾಯದ ಸೊಗಸು ಸಾಧನೆಯ ಕ್ರಮದಲ್ಲಿದೆ. ಎರಡು ಯಂತ್ರಗಳು ಎಂದೆಂದಿಗೂ ಸಮಾನವಾಗಿ ನಡೆಯುತ್ತವೆ ಎಂದು ತೋರಿಸಲು ಎಂದೆಂದಿಗೂ ಕಾದು ಕುಳಿತುಕೊಳ್ಳಬೇಕಾಗಿಲ್ಲ. ಸ್ಥಿತಿಗಳ ಜೋಡಿಗಳ ಒಂದು ಪಟ್ಟಿಯನ್ನು ಮುಂದಿಟ್ಟು, ಯಾವ ಜೋಡಿಯಿಂದ ಹೊರಟರೂ ಪ್ರತಿಯೊಂದು ಹೆಜ್ಜೆಗೆ ಉತ್ತರ ಸಿಕ್ಕಿ ಮತ್ತೆ ಪಟ್ಟಿಯೊಳಗಿನ ಜೋಡಿಯನ್ನೇ ತಲುಪುತ್ತೇವೆ ಎಂದು ಒಮ್ಮೆ ಪರೀಕ್ಷಿಸಿದರೆ ಸಾಕು. ಎಂದೂ ಮುಗಿಯದ ವರ್ತನೆಗೆ ಒಮ್ಮೆಗೇ ಮುಗಿಯುವ ಸಾಕ್ಷಿ ದೊರಕಿತು.

ಇದೇ ಕಲ್ಪನೆ ಬೇರೆ ಶಾಸ್ತ್ರಗಳಲ್ಲಿಯೂ ಸ್ವತಂತ್ರವಾಗಿ ಮೊಳೆತಿತ್ತು. ಹಾಲೆಂಡಿನ ಯೋಹಾನ್ ಫಾನ್ ಬೆಂಥೆಮ್ 1976ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ತರ್ಕಶಾಸ್ತ್ರದ ಮಾರ್ಗದಿಂದ ಇದನ್ನು ತಲುಪಿದ್ದರು. ಇಟಲಿಯ ಮಾರ್ಕೊ ಫೋರ್ಟಿ ಮತ್ತು ಫೂರಿಯೊ ಹೊನ್ಸೆಲ್ 1983ರಲ್ಲಿ ಗಣಗಳ ಸಿದ್ಧಾಂತದ ಕಡೆಯಿಂದ ಬಂದರು. ಮೂರು ದಾರಿಗಳು ಒಂದೇ ಕಟ್ಟೆಯ ಬಳಿ ಕೂಡಿದವು. ಮಿಲ್ನರ್ ಮತ್ತು ಅವರ ಸಹೋದ್ಯೋಗಿ ಮ್ಯಾಥ್ಯೂ ಹೆನ್ನೆಸ್ಸಿ ಪ್ರಶ್ನೆಗಳ ಒಂದು ಪುಟ್ಟ ತರ್ಕಭಾಷೆಯನ್ನು ರಚಿಸಿ, ಪ್ರತಿಯೊಂದು ಸ್ಥಿತಿಯಿಂದಲೂ ಕವಲುಗಳು ಎಣಿಕೆಗೆ ಸಿಗುವಷ್ಟೇ ಇದ್ದಲ್ಲಿ, ಆ ಭಾಷೆಯ ಯಾವ ಪ್ರಶ್ನೆಯೂ ಬೇರ್ಪಡಿಸಲಾರದ ಪ್ರಕ್ರಿಯೆಗಳೇ ಉಭಯಾನುಕರಣದಲ್ಲಿ ಸಮಾನವಾದವು ಎಂದು ತೋರಿಸಿದರು.

ಮೌನದ ಹೆಜ್ಜೆ ಮತ್ತು ಸಹವಾಸ

ಎಲ್ಲ ನಡೆಗಳೂ ಹೊರಗೆ ಕಾಣಿಸುವುದಿಲ್ಲ. ಬ್ಯಾಂಕಿನ ಎರಡು ಗಣಕಗಳು ತಮ್ಮೊಳಗೆ ನಡೆಸುವ ಮಾತುಕತೆ ಹಣ ತೆಗೆಯಲು ಬಂದ ನಮಗೆ ಕಾಣದು. ಇಂಥ ಒಳನಡೆಯನ್ನು ಮಿಲ್ನರ್ ‘ಟೌ’ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸಿದರು. ನಾವು ‘ಮೌನದ ಹೆಜ್ಜೆ’ ಎನ್ನೋಣ. ಕಾಣದ ಹೆಜ್ಜೆಗಳನ್ನು ಲೆಕ್ಕಕ್ಕೆ ಹಿಡಿಯದೆ ಸಮಾನತೆಯನ್ನು ಹೇಳುವುದು ನ್ಯಾಯವೆಂದು ತೋರುತ್ತದೆ. ಒಂದು ಯಂತ್ರ ನೇರವಾಗಿ ಚಹಾ ಕೊಡುತ್ತದೆ, ಇನ್ನೊಂದು ಒಳಗೊಳಗೇ ಒಂದು ಮೌನದ ಹೆಜ್ಜೆ ಇಟ್ಟು ಚಹಾ ಕೊಡುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಇವು ಸಮಾನವೇ.

ಆದರೆ ಇವೆರಡಕ್ಕೂ ‘ಅಥವಾ ಕಾಫಿ’ ಎಂಬ ಆಯ್ಕೆಯನ್ನು ಜೋಡಿಸಿ ನೋಡಿ. ಮೊದಲನೆಯದರಲ್ಲಿ ಎರಡೂ ಗುಂಡಿಗಳು ಗ್ರಾಹಕನಿಗಾಗಿ ಕಾಯುತ್ತವೆ. ಎರಡನೆಯದು ಮೌನದ ಹೆಜ್ಜೆಯನ್ನಿಟ್ಟ ಕ್ಷಣದಲ್ಲಿ ಕಾಫಿಯ ಆಯ್ಕೆ ಸದ್ದಿಲ್ಲದೆ ಅಳಿದುಹೋಗುತ್ತದೆ. ಒಂಟಿಯಾಗಿದ್ದಾಗ ಸಮಾನವಾಗಿದ್ದವು ಸಹವಾಸದಲ್ಲಿ ಸಮಾನವಾಗಿ ಉಳಿಯಲಿಲ್ಲ. ಯಂತ್ರದ ಒಂದು ಭಾಗವನ್ನು ತೆಗೆದು ಅದಕ್ಕೆ ಸಮಾನವೆಂದ ಇನ್ನೊಂದನ್ನು ಕೂರಿಸಿದರೆ ಇಡೀ ಯಂತ್ರ ಮೊದಲಿನಂತೆಯೇ ನಡೆಯಬೇಕಲ್ಲವೇ? ಆದಕಾರಣ ಯಾವ ಸಂದರ್ಭದಲ್ಲಿ ಇಟ್ಟರೂ ಉಳಿಯುವ ಸಮಾನತೆಯೇ ನಿಜವಾದ ಸಮಾನತೆ ಎಂಬುದನ್ನು ಈ ಶಾಸ್ತ್ರ ನಿಯಮವಾಗಿ ಸ್ವೀಕರಿಸಿತು. ಮಿಲ್ನರ್ ತಮ್ಮ ವ್ಯಾಖ್ಯೆಯನ್ನು ಮೊದಲ ಮೌನದ ಹೆಜ್ಜೆಯ ವಿಷಯದಲ್ಲಿ ಬಿಗಿಗೊಳಿಸಿದರು.

ಅನೇಕ ಸಮಾನತೆಗಳು

ಹೋರ್ ಅವರ ಬಳಗ ಬೇರೆ ದಾರಿಯನ್ನು ಹಿಡಿಯಿತು. ಸ್ಟೀಫನ್ ಬ್ರೂಕ್ಸ್ ಮತ್ತು ಬಿಲ್ ರೋಸ್ಕೊ ಅವರೊಡನೆ 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೋರ್, ಜಾಡಿನ ಜೊತೆಗೆ ‘ನಿರಾಕರಣೆ’ಯನ್ನೂ ಬರೆದಿಡಬೇಕೆಂದರು. ಇಷ್ಟು ನಡೆದ ಮೇಲೆ ಯಂತ್ರ ಯಾವುದನ್ನು ನಿರಾಕರಿಸಬಹುದು ಎಂಬುದೂ ದಾಖಲೆಯ ಭಾಗವಾಗಬೇಕು. ಚಹಾ ಯಂತ್ರಗಳ ವ್ಯತ್ಯಾಸ ಇಷ್ಟರಿಂದಲೇ ಹೊರಬೀಳುತ್ತದೆ. ಅದೇ ವರ್ಷ ಇಟಲಿಯ ರೊಕ್ಕೊ ಡೆ ನಿಕೋಲ ಮತ್ತು ಹೆನ್ನೆಸ್ಸಿ ಪರೀಕ್ಷೆಯ ದೃಷ್ಟಿಯಿಂದ ವಿಚಾರ ಮಾಡಿದರು. ಒಂದು ಪರೀಕ್ಷೆಯಲ್ಲಿ ಪ್ರಕ್ರಿಯೆ ತೇರ್ಗಡೆಯಾಗಲೂಬಹುದು ಎಂಬುದು ಒಂದು ಮಾತು, ತೇರ್ಗಡೆಯಾಗಲೇಬೇಕು ಎಂಬುದು ಇನ್ನೊಂದು. ಒಂದೇ ಅಂಕ ಪಡೆದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬ ಅದೃಷ್ಟದಿಂದ ಪಡೆದವ, ಇನ್ನೊಬ್ಬ ಯಾವ ದಿನ ಕೇಳಿದರೂ ಪಡೆಯುವವ ಎಂಬ ವ್ಯತ್ಯಾಸವನ್ನು ಅಧ್ಯಾಪಕರೆಲ್ಲ ಬಲ್ಲರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾನ್ ಬರ್ಗ್‌ಸ್ಟ್ರಾ ಮತ್ತು ಯಾನ್ ವಿಲೆಮ್ ಕ್ಲೋಪ್ ಸಮೀಕರಣಗಳಿಂದಲೇ ಆರಂಭಿಸಿ ‘ಪ್ರಕ್ರಿಯಾ ಬೀಜಗಣಿತ’ವನ್ನು ಕಟ್ಟಿದರು.

ಹೀಗೆ ಸಮಾನತೆಗಳ ಸಂಖ್ಯೆ ಬೆಳೆಯಿತು. 1990ರಲ್ಲಿ ರಾಬ್ ಫಾನ್ ಗ್ಲಾಬೀಕ್ ಇವನ್ನೆಲ್ಲ ಒರಟಿನಿಂದ ಸೂಕ್ಷ್ಮದ ಕಡೆಗೆ ಸಾಲಾಗಿ ಜೋಡಿಸಿ ನಕ್ಷೆಯೊಂದನ್ನು ರಚಿಸಿದರು. ಅದರ ಒಂದು ತುದಿಯಲ್ಲಿ ಜಾಡಿನ ಸಮಾನತೆ, ಇನ್ನೊಂದು ತುದಿಯಲ್ಲಿ ಉಭಯಾನುಕರಣ. ಮೌನದ ಹೆಜ್ಜೆಗಳನ್ನೂ ಸೇರಿಸಿಕೊಂಡ ಮುಂದಿನ ನಕ್ಷೆಯಲ್ಲಿ ನೂರಕ್ಕೂ ಹೆಚ್ಚು ಸಮಾನತೆಗಳು ಸ್ಥಾನ ಪಡೆದವು. ನೋಡುವವನಿಗೆ ಯಾವ ಪ್ರಶ್ನೆಗಳನ್ನು ಕೇಳುವ ಅಧಿಕಾರವಿದೆ ಎಂಬುದರ ಮೇಲೆ ಸಮಾನತೆ ನಿಂತಿದೆ ಎಂಬುದು ಆ ನಕ್ಷೆಯ ಸಾರ.

ಒಂದು ಅಚ್ಚರಿಯನ್ನು ಇಲ್ಲಿಯೇ ಹೇಳಬೇಕು. ಸೂಕ್ಷ್ಮವಾದ ಅಳತೆ ಕಷ್ಟ, ಒರಟಾದುದು ಸುಲಭ ಎಂದು ನಾವು ಭಾವಿಸುತ್ತೇವೆ. ಸ್ಥಿತಿಗಳ ಸಂಖ್ಯೆ ಮಿತಿಯುಳ್ಳದ್ದಾದಲ್ಲಿ ಉಭಯಾನುಕರಣವನ್ನು ಗಣಕದಿಂದ ಬೇಗನೆ ಪರೀಕ್ಷಿಸಬಹುದು. 1983ರಲ್ಲಿ ಪ್ಯಾರಿಸ್ ಕನೆಲ್ಲಾಕಿಸ್ ಮತ್ತು ಸ್ಕಾಟ್ ಸ್ಮೋಲ್ಕಾ, 1987ರಲ್ಲಿ ರಾಬರ್ಟ್ ಪೇಜ್ ಮತ್ತು ರಾಬರ್ಟ್ ಟಾರ್ಜನ್ ಇದಕ್ಕೆ ಸಮರ್ಥ ವಿಧಾನಗಳನ್ನು ಕೊಟ್ಟರು. ಜಾಡಿನ ಸಮಾನತೆಯ ಪರೀಕ್ಷೆಗಾದರೋ ಅಂಥ ವೇಗದ ವಿಧಾನ ಇಂದಿಗೂ ದೊರೆತಿಲ್ಲ. ಹೆಜ್ಜೆಹೆಜ್ಜೆಗೂ ನೋಡುತ್ತ ಹೋಗುವುದು, ಎಲ್ಲ ಮುಗಿದ ಮೇಲೆ ದಾಖಲೆಗಳ ರಾಶಿಯನ್ನು ಹೋಲಿಸುವುದಕ್ಕಿಂತ ಸುಲಭ!

ಹದಿನೇಳು ವರ್ಷ ಕಾಣದ ಬಿರುಕು

ಇದೆಲ್ಲ ಪಂಡಿತರ ಸೂಕ್ಷ್ಮತೆಯಲ್ಲವೇ, ಬದುಕಿಗೇನು ಉಪಯೋಗ ಎಂದು ಕೇಳುವವರಿಗೆ ಒಂದು ಘಟನೆಯನ್ನು ಹೇಳುತ್ತೇವೆ. 1978ರಲ್ಲಿ ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್, ಜಾಲದಲ್ಲಿ ಇಬ್ಬರು ಪರಸ್ಪರ ಗುರುತನ್ನು ಖಚಿತಪಡಿಸಿಕೊಳ್ಳುವ ಕ್ರಮವೊಂದನ್ನು ಪ್ರಕಟಿಸಿದರು. ಅದರ ತಿರುಳು ಮೂರೇ ಸಂದೇಶಗಳು. ‘ಅ’ ಎಂಬಾತ ತನ್ನ ಹೆಸರು ಮತ್ತು ಒಂದು ಗುಟ್ಟಿನ ಸಂಖ್ಯೆಯನ್ನು, ‘ಬ’ ಮಾತ್ರ ತೆರೆಯಬಲ್ಲ ಪೆಟ್ಟಿಗೆಯಲ್ಲಿಟ್ಟಂತೆ, ಅವನಿಗೆ ಕಳುಹಿಸುತ್ತಾನೆ. ‘ಬ’ ಆ ಸಂಖ್ಯೆಯನ್ನೂ ತನ್ನದೊಂದು ಸಂಖ್ಯೆಯನ್ನೂ ‘ಅ’ ಮಾತ್ರ ತೆರೆಯಬಲ್ಲ ಪೆಟ್ಟಿಗೆಯಲ್ಲಿ ಹಿಂದಿರುಗಿಸುತ್ತಾನೆ. ‘ಅ’ ಎರಡನೆಯ ಸಂಖ್ಯೆಯನ್ನು ‘ಬ’ನಿಗೆ ಮರಳಿಸುತ್ತಾನೆ. ಗುಟ್ಟು ಬಲ್ಲವರು ಇಬ್ಬರೇ, ಗುರುತು ಸಿದ್ಧಿಸಿತು.

1995ರಲ್ಲಿ ಗೇವಿನ್ ಲೋ ಇದರಲ್ಲಿ ಬಿರುಕನ್ನು ತೋರಿಸಿದರು. ‘ಅ’ ನಂಬಿಕೆಯಿಂದ ಮಾತನಾಡತೊಡಗಿದ ಮೂರನೆಯವನೊಬ್ಬ ಮೋಸಗಾರನಾಗಿದ್ದರೆ, ಅವನು ಆ ಸಂದೇಶವನ್ನು ‘ಬ’ನಿಗೆ ತಕ್ಕ ಪೆಟ್ಟಿಗೆಯಲ್ಲಿಟ್ಟು ತಾನೇ ‘ಅ’ ಎಂದು ನಟಿಸಬಹುದು. ‘ಬ’ನ ಉತ್ತರವನ್ನು ತೆರೆಯಲಾರದಿದ್ದರೂ ಹಾಗೆಯೇ ‘ಅ’ನಿಗೆ ದಾಟಿಸುತ್ತಾನೆ. ‘ಅ’ ಅದನ್ನು ತೆರೆದು, ಗುಟ್ಟಿನ ಸಂಖ್ಯೆಯನ್ನು ಮೋಸಗಾರನ ಕೈಗೇ ಕೊಡುತ್ತಾನೆ. ಅಲ್ಲಿಗೆ ‘ಬ’ನಿಗೆ ತಾನು ‘ಅ’ನೊಡನೆಯೇ ಮಾತನಾಡಿದೆನೆಂಬ ಭ್ರಮೆ. ಎರಡನೆಯ ಸಂದೇಶದಲ್ಲಿ ‘ಬ’ ತನ್ನ ಹೆಸರನ್ನು ಸೇರಿಸಿದರೆ ಈ ಬಿರುಕು ಮುಚ್ಚುತ್ತದೆ. ಸಿಎಸ್‌ಪಿಯಲ್ಲಿ ಈ ಕ್ರಮವನ್ನು ಬರೆದು, ಅದರ ವರ್ತನೆ ಆದರ್ಶ ವರ್ತನೆಯ ಎಲ್ಲೆಯೊಳಗಿದೆಯೇ ಎಂದು ‘ಎಫ್‌ಡಿಆರ್’ ಎಂಬ ಉಪಕರಣದಿಂದ ಪರೀಕ್ಷಿಸಿದಾಗ ಇಂಥ ದೋಷ ಹೇಗೆ ಹೊರಬೀಳುತ್ತದೆ ಎಂಬುದನ್ನು ಲೋ 1996ರಲ್ಲಿ ವಿವರಿಸಿದರು. ವಿದ್ವಾಂಸರ ಕಣ್ಣಿಗೆ ಹದಿನೇಳು ವರ್ಷ ತಪ್ಪಿಸಿಕೊಂಡ ಬಿರುಕು ಅದು.

ಮುಂದೆ ಮಾರ್ಟಿನ್ ಅಬಾಡಿ ಮತ್ತು ಆಂಡ್ರ್ಯೂ ಗಾರ್ಡನ್ ‘ರಹಸ್ಯ’ ಎಂಬ ಮಾತಿಗೇ ಸಮಾನತೆಯ ಮೂಲಕ ವ್ಯಾಖ್ಯೆ ಕೊಟ್ಟರು. ಈ ಸಂದೇಶವನ್ನು ಕಳುಹಿಸಿದ ವ್ಯವಸ್ಥೆಗೂ ಇನ್ನಾವುದೋ ಸಂದೇಶವನ್ನು ಕಳುಹಿಸಿದ ವ್ಯವಸ್ಥೆಗೂ ಹೊರಗಿನ ಯಾವ ವೀಕ್ಷಕನೂ ವ್ಯತ್ಯಾಸ ಕಾಣಲಾರದಿದ್ದರೆ ಸಂದೇಶ ರಹಸ್ಯವಾಗಿದೆ. 1956ರ ಮೂರ್ ಅವರ ಮುಚ್ಚಿದ ಪೆಟ್ಟಿಗೆ ಹೀಗೆ ಹೊಸ ಕಾಲದ ಕೆಲಸಕ್ಕೆ ಬಂತು. ಇವರ ಭಾಷೆಯ ಮೂಲ, ಮಿಲ್ನರ್ ಅವರು ಯೋಹಾಕಿಮ್ ಪ್ಯಾರೊ ಮತ್ತು ಡೇವಿಡ್ ವಾಕರ್ ಅವರೊಡನೆ 1992ರಲ್ಲಿ ಪ್ರಕಟಿಸಿದ ‘ಪೈ ಕ್ಯಾಲ್ಕ್ಯುಲಸ್’. ನಡೆಯುತ್ತಿರುವಾಗಲೇ ಯಾರು ಯಾರೊಡನೆ ಮಾತನಾಡುತ್ತಾರೆ ಎಂಬ ಸಂಪರ್ಕವೇ ಬದಲಾಗುವ, ಮೊಬೈಲ್ ದೂರವಾಣಿಯಂಥ ವ್ಯವಸ್ಥೆಗಳಿಗಾಗಿ ರೂಪುಗೊಂಡ ಭಾಷೆ ಅದು.

ನಮ್ಮ ದೇಶದಲ್ಲಿಯೂ ಈ ಚಿಂತನೆ ಬೇರೂರಿದೆ. ಗಣಕವಿಜ್ಞಾನದ ತಾತ್ತ್ವಿಕ ವಿಷಯಗಳಿಗೆ ಮೀಸಲಾದ ವಾರ್ಷಿಕ ಸಮ್ಮೇಳನ 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಇಂದಿಗೂ ನಡೆದುಬರುತ್ತಿದೆ. ಏಕಕಾಲಿಕ ಪ್ರಕ್ರಿಯೆಗಳ ಅಧ್ಯಯನಕ್ಕೆ ಚೆನ್ನೈಯ ಗಣಿತ ಸಂಸ್ಥೆಗಳು ಹೆಸರಾಗಿವೆ.

ಮಿಲ್ನರ್ 2010ರ ಮಾರ್ಚಿನಲ್ಲಿ, ಪೆಟ್ರಿ ಅದೇ ವರ್ಷದ ಜುಲೈಯಲ್ಲಿ ನಿಧನರಾದರು. ಅವರು ಬಿಟ್ಟುಹೋದ ವಿಚಾರವನ್ನು ಒಂದು ವಾಕ್ಯದಲ್ಲಿ ಹೇಳಬೇಕೆಂದರೆ ಹೀಗೆ: ನಡೆದುದರ ದಾಖಲೆ ಸರಿಸಮವಾಗಿದ್ದ ಮಾತ್ರಕ್ಕೆ ಎರಡು ವ್ಯವಸ್ಥೆಗಳು ಸಮಾನವಾಗವು, ಪ್ರತಿಯೊಂದು ಹಂತದಲ್ಲಿಯೂ ತೆರೆದಿರುವ ಬಾಗಿಲುಗಳು ಸಮಾನವಾಗಿರಬೇಕು. ಭಾಷಾ ಅಲ್ಪಸಂಖ್ಯಾತರಿಗೆ ಸಮಾನ ಅವಕಾಶವಿದೆ ಎಂದು ಅಂಕಿಅಂಶಗಳ ಪಟ್ಟಿಯನ್ನು ಯಾರಾದರೂ ಮುಂದಿಟ್ಟಾಗ, ಆಯ್ಕೆ ಯಾವ ಹೆಜ್ಜೆಯಲ್ಲಿ ಮುಚ್ಚಿತು ಎಂದು ವಿನಯದಿಂದ ಕೇಳುವ ಹಕ್ಕು ನಮಗಿದೆ. ಅದು ಭಾವಾವೇಶದ ಪ್ರಶ್ನೆಯಲ್ಲ, ಗಣಿತವೂ ಒಪ್ಪಿದ ಪ್ರಶ್ನೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಈ ಲೇಖನದಲ್ಲಿ ಜಾಡು, ಉಭಯಾನುಕರಣ, ಮೌನದ ಹೆಜ್ಜೆ ಎಂಬ ಪದಗಳನ್ನು ನಾವು ನಮಗೆ ತೋಚಿದಂತೆ ಬಳಸಿದ್ದೇವೆ. ಈ ಶಾಸ್ತ್ರವನ್ನು ಕ್ರಮವಾಗಿ ಕಲಿತ ಗಡಿನಾಡಿನ ತರುಣ ತರುಣಿಯರು ಇವಕ್ಕಿಂತ ಉತ್ತಮವಾದ ಪದಗಳನ್ನು ತಂದು, ಮುಂದಿನ ಸಂಚಿಕೆಗಳಲ್ಲಿ ನಮಗಿಂತ ಚೆನ್ನಾಗಿ ಬರೆಯಲಿ. ಸಂಘವು ಅಂಥ ಬರಹಗಳಿಗೆ ಪುಟಗಳನ್ನು ಮೀಸಲಿಡಲಿ ಎಂದು ಹಾರೈಸುತ್ತೇವೆ.